ಗುಣಿಸಿದರೆ ಒಂದು

ಅಪ್ಪಯ್ಯಣ್ಣ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, "ಹೆಡ್ ಮೇಷ್ಟ್ರು ತಿದ್ದಿ ಕಳ್ಸವ್ರೆ ಮೇಡಮ್ನೋರೆ" ಎಂದವನೇ ನಿಲ್ಲದೆ ಹೊರಟುಹೋದ. ಬೇರೆ ದಿನವಾಗಿದ್ದರೆ ಶಾಲೆಯ ಜವಾನನಾದ ಅವನು ಕಾಫಿ ಲೋಟ ತೊಳೆಯುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಇವತ್ತು ಹಾಗೆ ಓಡಿಹೋದದ್ದು ನೋಡಿಯೇ ಚೌಡೇಶ್ವರಿಗೆ ಕಟ್ಟಿನೊಳಗೆ ಏನೋ ಇದೆ ಅನ್ನಿಸಿತು.

೧೯೯೦ರ ಜನವರಿ ಕೊನೆಯ ವಾರ. ದೊಡ್ಡಬಳ್ಳಾಪುರದ ಪೇಟೆಯ ಹಿಂದಿದ್ದ ಆ ಅನುದಾನಿತ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದು ನಾಲ್ಕು ದಿನವಾಗಿತ್ತು. ಗಣಿತದ ಪತ್ರಿಕೆ ಯಾವ ವಿಭಾಗದ್ದಾದರೂ ಮುಖ್ಯೋಪಾಧ್ಯಾಯ ಲಕ್ಷ್ಮಯ್ಯನವರೇ ತಿದ್ದಬೇಕು ಎಂಬುದು ಅಲ್ಲಿಯ ಕಟ್ಟಳೆ. 'ಬಿ' ವಿಭಾಗಕ್ಕೆ ಪಾಠ ಮಾಡಿದ್ದು ಚೌಡೇಶ್ವರಿ. ದಾರ ಬಿಚ್ಚಿ ಮೊದಲ ಪತ್ರಿಕೆ ತೆಗೆದಳು. ಹದಿನೆಂಟನೇ ಪ್ರಶ್ನೆಗೆ ಸೊನ್ನೆ. ಎರಡನೆಯದಕ್ಕೂ ಸೊನ್ನೆ. ನಲವತ್ತೊಂದು ಪತ್ರಿಕೆಗಳಲ್ಲಿ ಇಪ್ಪತ್ತಾರಕ್ಕೆ ಅದೇ ಹದಿನೆಂಟನೇ ಪ್ರಶ್ನೆಗೆ ಕೆಂಪು ಶಾಯಿಯ ಸೊನ್ನೆ, ಪುಟದ ಉದ್ದಕ್ಕೂ ಒಂದು ಅಡ್ಡಗೀಟು.

ಪ್ರಶ್ನೆ ಕಷ್ಟದ್ದೇನಲ್ಲ. ಸೆಕೆಂಟ್ ಥೀಟಾಕ್ಕೆ ಟ್ಯಾನ್ ಥೀಟಾ ಕೂಡಿಸಿದರೆ ಬರುವುದೂ, ಸೆಕೆಂಟ್ ಥೀಟಾದಲ್ಲಿ ಟ್ಯಾನ್ ಥೀಟಾ ಕಳೆದರೆ ಬರುವುದೂ ಒಂದಕ್ಕೊಂದು ವ್ಯುತ್ಕ್ರಮ ಎಂದು ಸಾಧಿಸಬೇಕು. ಮೂರು ಅಂಕ. ಎರಡು ಸಂಖ್ಯೆ ಒಂದಕ್ಕೊಂದು ವ್ಯುತ್ಕ್ರಮ ಅಂದರೆ ಏನು? ಗುಣಿಸಿದರೆ ಒಂದು ಬರಬೇಕು, ಅಷ್ಟೇ. ಎರಡಕ್ಕೆ ಅರ್ಧ, ಐದಕ್ಕೆ ಐದನೇ ಒಂದು ಭಾಗ ಇದ್ದ ಹಾಗೆ. ಆ ಇಪ್ಪತ್ತಾರು ಮಕ್ಕಳೂ ಎರಡನ್ನೂ ಗುಣಿಸಿದ್ದರು. ಗುಣಿಸಿದಾಗ ಬಂದದ್ದು ಸೆಕೆಂಟ್ ವರ್ಗದಲ್ಲಿ ಟ್ಯಾನ್ ವರ್ಗ ಕಳೆದದ್ದು. ಅದು ಯಾವಾಗಲೂ ಒಂದೇ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ವ್ಯುತ್ಕ್ರಮ ಎಂದು ಬರೆದು ಮುಗಿಸಿದ್ದರು. ಮೂರೇ ಸಾಲು. ಹಾಗೆ ಬರೆಯಬಹುದು ಎಂದು ಹೇಳಿಕೊಟ್ಟವಳು ಚೌಡೇಶ್ವರಿಯೇ.

ಕಟ್ಟನ್ನು ಎದೆಗವಚಿಕೊಂಡು ಅವಳು ನೇರವಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿದಳು. ಲಕ್ಷ್ಮಯ್ಯನವರು ಕನ್ನಡಕ ಒರೆಸುತ್ತ ಕೂತಿದ್ದರು.

"ಹದಿನೆಂಟನೇ ಪ್ರಶ್ನೆಗೆ ಏನ್ ತಪ್ಪಿದೆ ಸಾರ್?"

"ಎಡಭಾಗ ಎಲ್ಲಿ? ಬಲಭಾಗ ಎಲ್ಲಿ?" ಅವರು ತಲೆ ಎತ್ತಲಿಲ್ಲ. "ಎಡಭಾಗದಿಂದ ಹೊರಟು ಬಲಭಾಗ ಮುಟ್ಟಬೇಕು. ಕೊನೇಲಿ 'ಇದನ್ನೇ ಸಾಧಿಸಬೇಕಾಗಿತ್ತು' ಅಂತ ಬರೀಬೇಕು. ಇದು ನಿರೂಪಣೆ ಅಲ್ಲ ಕಣಮ್ಮ, ಅಂಗಡಿ ಲೆಕ್ಕ."

"ಗುಣಿಸಿದ್ರೆ ಒಂದು ಬಂತು. ವ್ಯುತ್ಕ್ರಮ ಅಂದ್ರೆ ಅದೇ ಅಲ್ವಾ?"

"ಅದು ನಿನಗೆ ಗೊತ್ತು, ನನಗೆ ಗೊತ್ತು. ಬೆಂಗಳೂರಲ್ಲಿ ಕೂತು ತಿದ್ದೋನು ಒಂದೊಂದು ಉತ್ತರಕ್ಕೆ ಅರ್ಧ ನಿಮಿಷಾನೂ ಕೊಡಲ್ಲ. ಅವನ ಕಣ್ಣಿಗೆ ಎಡಭಾಗ ಕಾಣ್ಲಿಲ್ಲ ಅಂದ್ರೆ ಗೀಟು ಹಾಕಿ ಮುಂದೆ ಹೋಗ್ತಾನೆ. ಮಾರ್ಚಲ್ಲಿ ಅವನು ಹಾಕೋ ಸೊನ್ನೇನ ನಾನು ಜನವರೀಲೇ ಹಾಕಿದ್ದೀನಿ. ನನ್ನ ನೋಟ್ಸಲ್ಲಿ ಇರೋ ಹಾಗೆ ಬರೆಸು ಅಂತ ನಿನಗೆ ಎಷ್ಟು ಸಲ ಹೇಳಿದ್ದೆ?"

ಅವರ ನೋಟ್ಸು ಅಂದರೆ ಸೈಕ್ಲೋಸ್ಟೈಲ್ ಮಾಡಿಸಿ ಹೊಲಿದ ನೂರು ನಿರೂಪಣೆಗಳ ಪುಸ್ತಕ. ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಿಂದ ಬಂದು ಇಪ್ಪತ್ತೇಳು ವರ್ಷ ಗಣಿತ ಹೇಳಿದ ಲಕ್ಷ್ಮಯ್ಯನವರು ರಾಗಿ ಹೊಲದಿಂದಲೂ ಮಗ್ಗದ ಮನೆಯಿಂದಲೂ ಬಂದ ಸಾವಿರಾರು ಮಕ್ಕಳನ್ನು ಆ ಪುಸ್ತಕ ಬಾಯಿಪಾಠ ಮಾಡಿಸಿ ಪಾಸು ಮಾಡಿಸಿದ್ದರು. ಅದು ಸುಳ್ಳಲ್ಲ. ಚೌಡೇಶ್ವರಿಗೂ ಅದು ಗೊತ್ತಿತ್ತು. ಯಾಕೆಂದರೆ ಆ ಮಕ್ಕಳಲ್ಲಿ ಅವಳೂ ಒಬ್ಬಳು.

೧೯೭೪ರಲ್ಲಿ ಅವಳು ಹತ್ತನೇ ತರಗತಿಯಲ್ಲಿದ್ದಳು. ಅಪ್ಪ ಕೋದಂಡರಾಮಯ್ಯನ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ. ಅಮ್ಮ ಭಾಗ್ಯಮ್ಮ ಬೆಳಗಿನಿಂದ ಸಂಜೆಯವರೆಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಬೆಳೆದವಳಾದ್ದರಿಂದ ಚೌಡೇಶ್ವರಿಯ ಗಂಟಲು ಮೊದಲಿನಿಂದಲೂ ದೊಡ್ಡದು. ಮೆತ್ತಗೆ ಮಾತಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಒಂದು ದಿನ ಲಕ್ಷ್ಮಯ್ಯ ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಕೊಟ್ಟಾಗ ಅವಳು ಎದ್ದುಹೋಗಿ ಹನ್ನೊಂದು ಸಾಲಿನದನ್ನು ನಾಲ್ಕು ಸಾಲಿನಲ್ಲಿ ಮಾಡಿದಳು. ಮೇಷ್ಟ್ರು ಡಸ್ಟರ್ ಹುಡುಕಲೂ ಇಲ್ಲ. ಅಂಗೈಯಿಂದಲೇ ಅದನ್ನು ಒರೆಸಿಹಾಕಿ, "ನಿಮ್ಮನೇಲಿ ಮಗ್ಗಕ್ಕೆ ದಿನಕ್ಕೊಂದು ಥರ ಹಾಸುನೂಲು ಬಿಡ್ತಾರೇನೇ? ಕ್ರಮ ಅನ್ನೋದು ಬೇಡ್ವಾ? ಕ್ರಮ ಬೇಡ ಅಂದ್ರೆ ಹೋಗಿ ಕಂಡಿಕೆ ಸುತ್ಕೊಂಡಿರು" ಎಂದರು. ತರಗತಿಯೆಲ್ಲ ನಕ್ಕಿತು. ಅವಳು ಅಳಲಿಲ್ಲ. ಮನೆಗೆ ಬಂದು ಹೇಳಿದರೆ ಅಪ್ಪ ಮಗ್ಗದಿಂದ ಕಣ್ಣು ತೆಗೆಯದೆ, "ಮೇಷ್ಟ್ರು ಹೇಳಿದ್ರಲ್ಲಿ ತಪ್ಪೇನೈತೆ?" ಅಂದ.

ಆ ಮಾತಿನ ಉರಿಯಲ್ಲೇ ಅವಳು ಓದಿದಳು ಎಂದರೆ ತಪ್ಪಾಗಲಾರದು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಿ.ಎಸ್ಸಿ. ಮಾಡಿದಳು, ಬಿ.ಎಡ್. ಮಾಡಿದಳು, ನೆಲಮಂಗಲದಲ್ಲಿ ಐದು ವರ್ಷ ಹಂಗಾಮಿ ಕೆಲಸ ಮಾಡಿದಳು. ಬಂದ ಎರಡು ಸಂಬಂಧಗಳೂ ಮುರಿದುಬಿದ್ದವು. ಎರಡನೆಯವರು ಕೆಲಸ ಬಿಡಬೇಕು ಅಂದಾಗ, ಹುಡುಗನ ಅಪ್ಪನ ಮುಖಕ್ಕೇ, "ನಿಮ್ಮ ಮಗ ಬಿಡ್ತಾನಾ?" ಎಂದು ಕೇಳಿದ್ದಳು. ಸಿಡುಕಿ ಎಂದು ಬೀದಿಯಲ್ಲಿ ಹೆಸರಾಯಿತು. ೧೯೮೭ರಲ್ಲಿ ತಾನು ಓದಿದ ಶಾಲೆಯಲ್ಲೇ ಗಣಿತಕ್ಕೆ ಜಾಗ ಖಾಲಿಯಾದಾಗ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಕೂತಿದ್ದ ಲಕ್ಷ್ಮಯ್ಯನವರು, "ಬರ್ಲಿ ಬಿಡಿ, ಹೆಣ್ಮಕ್ಕಳಿಗೆ ಹೊಲಿಗೆ ಕ್ಲಾಸೂ ನೋಡ್ಕೊತಾಳೆ" ಅಂದರಂತೆ. ಆ ಮಾತು ಅವಳ ಕಿವಿಗೆ ಬಿತ್ತು. ಅವಳು ಬಂದಳು. ಮೂರು ವರ್ಷ ಇಬ್ಬರೂ ಒಂದೇ ಸೂರಿನಡಿ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದರು.

ಈಗ ಆ ಹಲ್ಲು ಬಿಚ್ಚಿತು. "ನೀವು ಮಕ್ಕಳಿಗೆ ಸೊನ್ನೆ ಹಾಕಿಲ್ಲ ಸಾರ್, ನನಗೆ ಹಾಕಿದ್ದೀರಿ" ಎಂದು ಅವಳು ಕೂಗಿದ್ದು ಹೊರಗಿನ ಮೈದಾನದವರೆಗೂ ಕೇಳಿಸಿತು.

"ಹೌದು ಅಂತಾನೇ ಇಟ್ಕೋ" ಎಂದರು ಲಕ್ಷ್ಮಯ್ಯನವರು. "ಹೋಗು ಈಗ."

ಅಲ್ಲಿಗೆ ಮುಗಿದಿದ್ದರೆ ಅದು ಇಬ್ಬರು ಮೇಷ್ಟ್ರ ಜಗಳವಾಗಿಯೇ ಉಳಿಯುತ್ತಿತ್ತು. ಆದರೆ ಆ ಕಟ್ಟಿನಲ್ಲಿ ನರಸಮ್ಮ ಎಂಬ ಹುಡುಗಿಯ ಪತ್ರಿಕೆಯೂ ಇತ್ತು. ಘಾಟಿ ಸುಬ್ರಹ್ಮಣ್ಯದ ಆಚೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದವಳು. ಬಸ್ಸು ತಪ್ಪಿದ ದಿನ ನಡೆದೇ ಬಂದುಬಿಡುತ್ತಿದ್ದಳು. ಅವಳಿಗೆ ಬಂದ ಅಂಕ ಮೂವತ್ತಮೂರು. ಮೂವತ್ತೈದು ಬಂದರೆ ಪಾಸು. ಆ ಮೂರು ಅಂಕ ಸಿಕ್ಕಿದ್ದರೆ ಮೂವತ್ತಾರು ಆಗುತ್ತಿತ್ತು.

ಫೆಬ್ರವರಿ ಮೊದಲ ವಾರದಿಂದ ನರಸಮ್ಮ ಶಾಲೆಗೆ ಬರಲಿಲ್ಲ. ಹತ್ತು ದಿನ ನೋಡಿದ ಚೌಡೇಶ್ವರಿ ಒಂದು ಭಾನುವಾರ ಬೆಳಿಗ್ಗೆ ಘಾಟಿಯ ಬಸ್ಸು ಹತ್ತಿ, ಇಳಿದು ಎರಡು ಮೈಲಿ ನಡೆದು ಅವರ ಮನೆ ಹುಡುಕಿದಳು. ಹುಡುಗಿಯ ಅಪ್ಪ ಪಾಪಯ್ಯ ಅಂಗಳದಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ. ಕೂರಿ ಎನ್ನಲಿಲ್ಲ. ಮಗಳು ಬಾಗಿಲ ಸಂದಿಯಿಂದ ಇಣುಕಿ ಒಳಗೆ ಸರಿದಳು.

"ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಿದೆ. ಈಗ ಯಾಕೆ ಬಿಡಿಸಿದ್ರಿ?"

"ಫೇಲಾಗವ್ಳಲ್ಲ ತಾಯಿ. ಪ್ರಿಪರೇಟರೀಲಿ ಪಾಸಾದ್ರೆ ಓದು, ಇಲ್ಲ ಅಂದ್ರೆ ಬಾಶೆಟ್ಟಿಹಳ್ಳಿ ಫ್ಯಾಕ್ಟ್ರಿಗೆ ಹೋಗು ಅಂತ ಮೊದ್ಲೇ ಮಾತಾಗಿತ್ತು. ಅವ್ಳೂ ಒಪ್ಕೊಂಡಿದ್ಲು."

"ಅವಳು ಫೇಲಾಗಿಲ್ಲ. ಒಂದು ಉತ್ತರ ಸರಿ ಬರೆದಿದ್ರೂ ತಪ್ಪು ಅಂತ ಹೊಡೆದಿದ್ದಾರೆ."

ಪಾಪಯ್ಯ ಹುಲ್ಲಿನ ಹೊರೆ ಕೆಳಗೆ ಹಾಕಿ ಸೊಂಟಕ್ಕೆ ಕೈ ಕೊಟ್ಟು ನಿಂತ. "ಹಂಗಂದ್ರೆ ಹೆಡ್ ಮೇಷ್ಟ್ರು ಸುಳ್ಳು ಹಾಕವ್ರೆ ಅಂತೀರಾ? ನಾನೂ ಆ ಇಸ್ಕೂಲಲ್ಲಿ ಎರಡು ವರ್ಸ ಕೂತಿದ್ದೆ. ಆವಯ್ಯ ಹೊಡೀತಿದ್ರು ನಿಜ, ಸುಳ್ಳು ಹಾಕೋರಲ್ಲ. ಅವ್ರ ಕೈಲಿ ಒಂದು ಚೀಟಿ ಬರೆಸ್ಕೊಂಡ್ ಬನ್ನಿ, ಸರಿ ಅದೆ ಅಂತ. ನಾಳೇನೇ ಕಳುಸ್ತೀನಿ."

ಸೋಮವಾರ ಚೌಡೇಶ್ವರಿ ತನ್ನ ಮೂವತ್ತೊಂದು ವರ್ಷದ ಬದುಕಿನಲ್ಲಿ ಮೊದಲ ಸಲ ಲಕ್ಷ್ಮಯ್ಯನವರ ಮುಂದೆ ದನಿ ತಗ್ಗಿಸಿ ನಿಂತಳು. ಚೀಟಿ ಕೇಳಿದಳು. ನನಗಾಗಿ ಬೇಡ, ಹುಡುಗಿಗಾಗಿ ಅಂದಳು. ಅವರು ಎಲ್ಲವನ್ನೂ ಕೇಳಿ, ಪೆನ್ನಿನ ಮುಚ್ಚಳ ಹಾಕಿದರು.

"ಇವತ್ತು ಒಬ್ಬಳಿಗೆ ಚೀಟಿ ಕೊಟ್ರೆ ನಾಳೆ ಇಪ್ಪತ್ತೈದು ಅಪ್ಪಂದಿರು ಬಂದು ನಿಲ್ತಾರೆ. ನಾನು ಹಾಕಿದ ಅಂಕ ನಾನೇ ತಪ್ಪು ಅಂತ ಬರೆದುಕೊಡಬೇಕಾ? ಅವಳು ನೋಟ್ಸು ನೋಡಿ ಬರೆದಿದ್ರೆ ಪಾಸಾಗ್ತಿದ್ಲು. ಅವಳನ್ನ ಫೇಲ್ ಮಾಡಿದ್ದು ನಾನಲ್ಲ."

ಅವಳು ಬಾಗಿಲನ್ನು ಎಳೆದ ರಭಸಕ್ಕೆ ಗೋಡೆಯ ಮೇಲಿನ ವೇಳಾಪಟ್ಟಿ ಕೆಳಗೆ ಬಿತ್ತು. ಮರುದಿನ ಅಪ್ಪಯ್ಯಣ್ಣ ಹೊಸ ವೇಳಾಪಟ್ಟಿ ತಂದುಕೊಟ್ಟ. ಅದರಲ್ಲಿ ಅವಳಿಗೆ ಹತ್ತನೇ ತರಗತಿ ಇರಲಿಲ್ಲ. ಎಂಟನೇ ತರಗತಿ, ಜೊತೆಗೆ ವಾರಕ್ಕೆ ಆರು ಪೀರಿಯಡ್ ಹೊಲಿಗೆ. ನರಸಮ್ಮ ಆ ಮಾರ್ಚಿನಲ್ಲಿ ಪರೀಕ್ಷೆಗೆ ಕೂರಲಿಲ್ಲ.

"ಯಾರ ಜೊತೆ ಅಂತ ಗುದ್ದಾಡ್ತೀಯೆ ಚೌಡಿ, ಬಂಡೆಗೆ ತಲೆ ಚಚ್ಕೊಂಡಂಗೆ" ಎಂದು ಅಮ್ಮ ಗೊಣಗಿದಳು. ಊಟದ ತಟ್ಟೆಯ ಮುಂದೆ ಕೂತಾಗಲೂ ಚೌಡೇಶ್ವರಿ ಲಕ್ಷ್ಮಯ್ಯನವರನ್ನು ನಾಲ್ಕು ಜನರ ಮುಂದೆ ನೆಲಕ್ಕೆ ಕೆಡಹುವುದು ಹೇಗೆಂದೇ ಯೋಚಿಸುತ್ತಿದ್ದಳು. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ.

ದಾರಿ ಸಿಕ್ಕಿದ್ದು ಎಂಟನೇ ತರಗತಿಯಲ್ಲಿ. ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ಐದು ಗುಣಿಸು ಸೊನ್ನೆ, ಏಳು ಗುಣಿಸು ಸೊನ್ನೆ, ಎರಡೂ ಸೊನ್ನೆ ಎಂದು ಬರೆದು, ಎರಡೂ ಕಡೆ ಸೊನ್ನೆ ಹೊಡೆದುಹಾಕಿ, "ಮಿಸ್, ಐದೂ ಏಳೂ ಒಂದೇ ಆಗೋಯ್ತು" ಎಂದು ನಗುತ್ತ ತೋರಿಸಿದಳು. "ಸೊನ್ನೆ ಹೊಡೆದುಹಾಕೋ ಹಾಗಿಲ್ಲ ಕಣೇ. ಮೇಲೆ ಕೆಳಗೆ ಗುಣಿಸೋದಾದ್ರೂ ಅಷ್ಟೇ, ಗುಣಿಸೋದು ಸೊನ್ನೆ ಅಲ್ಲ ಅಂತ ಮೊದಲು ಖಚಿತ ಮಾಡ್ಕೋಬೇಕು" ಎನ್ನುತ್ತಿದ್ದ ಚೌಡೇಶ್ವರಿ ಅಲ್ಲಿಗೇ ನಿಂತುಬಿಟ್ಟಳು. ಲಕ್ಷ್ಮಯ್ಯನವರ ನಿರೂಪಣೆಯಲ್ಲಿ ಮೇಲೂ ಕೆಳಗೂ ಗುಣಿಸುವ ಒಂದು ಸಾಲಿತ್ತು. ಗುಣಿಸುವುದು ಸೊನ್ನೆಯಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮೇ ತಿಂಗಳಲ್ಲಿ ಗಣಿತ ಶಿಕ್ಷಕರಿಗೆ ಎರಡು ದಿನದ ತರಬೇತಿ ಏರ್ಪಾಡಾಯಿತು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದಿಂದ ಬಂದವರೂ ಸೇರಿ ನಲವತ್ತು ಜನ. ಪಾಠ ಹೇಳಲು ನಿಂತವರು ಲಕ್ಷ್ಮಯ್ಯನವರು. ನಿರೂಪಣೆ ಬರೆಸುವ ಕ್ರಮ ಅವರ ವಿಷಯ. ಬೇಕೆಂದೇ ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರು.

"ಕೆಲವರು ಏನ್ ಮಾಡ್ತಾರೆ ಅಂದ್ರೆ, ಎರಡನ್ನೂ ಗುಣಿಸಿ ಒಂದು ಬಂತು ಅಂತ ಕೈ ತೊಳ್ಕೊಂಡ್ಬಿಡ್ತಾರೆ" ಎಂದು ಅವಳ ಕಡೆ ನೋಡಿದರು. ಕೆಲವರು ನಕ್ಕರು. "ಅದು ಸೋಮಾರಿಗಳ ದಾರಿ. ಸರಿಯಾದ ಕ್ರಮ ನೋಡಿ. ಎಡಭಾಗ, ಒಂದು ಭಾಗಿಸು ಸೆಕ್ ಪ್ಲಸ್ ಟ್ಯಾನ್. ಅಂಶಕ್ಕೂ ಛೇದಕ್ಕೂ ಸೆಕ್ ಮೈನಸ್ ಟ್ಯಾನ್‌ನಿಂದ ಗುಣಿಸೋಣ. ಛೇದದಲ್ಲಿ ಸೆಕ್ ವರ್ಗ ಮೈನಸ್ ಟ್ಯಾನ್ ವರ್ಗ, ಅಂದ್ರೆ ಒಂದು. ಉಳಿದದ್ದು ಸೆಕ್ ಮೈನಸ್ ಟ್ಯಾನ್. ಬಲಭಾಗ. ಇದನ್ನೇ ಸಾಧಿಸಬೇಕಾಗಿತ್ತು."

ಚೌಡೇಶ್ವರಿ ಎದ್ದು ನಿಂತಳು. "ಒಂದು ಸಂದೇಹ ಸಾರ್. ಮೇಲೂ ಕೆಳಗೂ ಸೊನ್ನೆಯಿಂದ ಗುಣಿಸಬಹುದಾ?"

"ಎಂಟನೇ ಕ್ಲಾಸಿನ ಪ್ರಶ್ನೆ. ಗುಣಿಸೋ ಹಾಗಿಲ್ಲ."

"ನೀವೀಗ ಸೆಕ್ ಮೈನಸ್ ಟ್ಯಾನ್‌ನಿಂದ ಗುಣಿಸಿದ್ರಿ. ಅದು ಸೊನ್ನೆ ಅಲ್ಲ ಅಂತ ಎಲ್ಲಿ ಹೇಳಿದ್ದೀರಿ?"

ಅವಳು ಬಿಡಲಿಲ್ಲ. "ನನ್ನ ಮಕ್ಕಳು ಎರಡನ್ನೂ ಗುಣಿಸಿದ್ರು, ಒಂದು ಬಂತು. ಗುಣಿಸಿದಾಗ ಒಂದು ಬಂದ ಮೇಲೆ ಎರಡರಲ್ಲಿ ಯಾವುದೂ ಸೊನ್ನೆ ಆಗೋಕೆ ಸಾಧ್ಯವಿಲ್ಲ. ಹಾಗಾಗಿ ಅವರಿಗೆ ಆ ಮಾತು ಬೇಕಿಲ್ಲ. ನಿಮಗೆ ಬೇಕು. ನಿಮ್ಮ ನೂರು ನಿರೂಪಣೇಲಿ ಅದು ಇಪ್ಪತ್ತೇಳು ವರ್ಷದಿಂದ ಇಲ್ಲ."

ಈಗ ಯಾರೂ ನಗಲಿಲ್ಲ. ಲಕ್ಷ್ಮಯ್ಯನವರು ಹಲಗೆಯ ಕಡೆ ತಿರುಗಿದರು. ಹೆಗಲ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಚೌಡೇಶ್ವರಿ ನಿಂತೇ ಇದ್ದಳು. ಇಂಥ ಗಳಿಗೆಗಾಗಿ ಹದಿನಾರು ವರ್ಷ ಕಾದಿದ್ದೆ ಎಂದು ಅವಳಿಗೆ ಅನ್ನಿಸುತ್ತಿತ್ತು, ಅವರು ಸೀಮೆಸುಣ್ಣ ಕೆಳಗಿಟ್ಟು ಕೂರಲಿ ಎಂದು ಕಾಯುತ್ತಿದ್ದಳು.

ಅವರು ಸೀಮೆಸುಣ್ಣ ಕೆಳಗಿಡಲಿಲ್ಲ. ನಿಧಾನವಾಗಿ ಬರೆಯತೊಡಗಿದರು. ಸೆಕೆಂಟನ್ನೂ ಟ್ಯಾನನ್ನೂ ಬಿಡಿಸಿದರು. ಮೇಲೆ ಒಂದರಲ್ಲಿ ಸೈನ್ ಕಳೆದದ್ದು, ಕೆಳಗೆ ಕಾಸ್.

"ಸೊನ್ನೆ ಆಗ್ಬೇಕಾದ್ರೆ ಮೇಲಿಂದು ಸೊನ್ನೆ ಆಗ್ಬೇಕು" ಎಂದರು, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ. "ಅಂದ್ರೆ ಸೈನ್ ಒಂದಾಗ್ಬೇಕು. ಸೈನ್ ಒಂದಾದ್ರೆ ಕೋನ ತೊಂಬತ್ತು. ತೊಂಬತ್ತಕ್ಕೆ ಕಾಸ್ ಸೊನ್ನೆ. ಅಲ್ಲಿ ಸೆಕೆಂಟೂ ಇಲ್ಲ, ಟ್ಯಾನೂ ಇಲ್ಲ. ಪ್ರಶ್ನೆಯೇ ಇಲ್ಲ." ತಿರುಗಿ ಅವಳನ್ನು ನೋಡಿದರು. "ಆದ್ದರಿಂದ ಸೊನ್ನೆ ಆಗಲ್ಲ. ಸರೀನಾ?"

ಸರಿಯಿತ್ತು. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಪುಸ್ತಕ ನೋಡದೆ, ನಿಂತ ನಿಲುವಿನಲ್ಲೇ ಮಾಡಿದ್ದರು.

"ಸರಿ ಇದೆ ಸಾರ್" ಎಂದಳು ಚೌಡೇಶ್ವರಿ. "ಆದ್ರೆ ಈ ಸಾಲುಗಳು ಸೇರಿದ ಮೇಲಷ್ಟೇ ನಿಮ್ಮ ನಿರೂಪಣೆ ಪೂರ್ತಿ ಆಗೋದು. ಮೊದಲು ಬರೆದದ್ದಕ್ಕೆ ನಿಮ್ಮ ಲೆಕ್ಕದಲ್ಲೇ ಸೊನ್ನೆ ಹಾಕ್ಬೇಕು."

"ಕೂತ್ಕೋ" ಎಂದರು ಅವರು.

ಚಹಾ ಕುಡಿಯುವ ಹೊತ್ತಿನಲ್ಲಿ ಲಕ್ಷ್ಮಯ್ಯನವರು ಲೋಟ ಹಿಡಿದು ಅವಳ ಪಕ್ಕದಲ್ಲೇ ಹಾದುಹೋದರು. ಬೇರೆಯವರಿಗೆ ಕೇಳಿಸದ ಹಾಗೆ, "ಲೆಕ್ಕ ಚೆನ್ನಾಗಿತ್ತು. ಆದ್ರೆ ನೀನು ಲೆಕ್ಕ ಕೇಳೋಕೆ ಎದ್ದು ನಿಲ್ಲಲಿಲ್ಲ, ನನ್ನ ಮಾನ ತೆಗೆಯೋಕೆ ನಿಂತೆ. ಇದನ್ನ ನಾನು ಮರೆಯಲ್ಲ" ಅಂದರು.

"ನಾನೂ ಮರೆತಿಲ್ಲ ಸಾರ್" ಎಂದಳು ಅವಳು. ಅಂಗೈಯಿಂದ ಒರೆಸಿದ ಹಲಗೆಯ ಮಾತು ಅವರಿಗೆ ಹೊಳೆಯಿತೋ ಇಲ್ಲವೋ, ಮುಖದಲ್ಲೇನೂ ಕಾಣಲಿಲ್ಲ.

ಜೂನಿನಲ್ಲಿ ಶಾಲೆ ತೆರೆದ ಮೊದಲ ದಿನ ಅವಳ ಮೇಜಿನ ಮೇಲೆ ಹಳೆಯ ಕಟ್ಟು ಮತ್ತೆ ಬಂದು ಕೂತಿತ್ತು. ಇಪ್ಪತ್ತಾರು ಪತ್ರಿಕೆಗಳಲ್ಲೂ ಸೊನ್ನೆಯನ್ನು ಹೊಡೆದು ಪಕ್ಕದಲ್ಲಿ ಮೂರು ಎಂದು ಬರೆದಿತ್ತು. ಪ್ರತಿಯೊಂದರ ಕೆಳಗೂ ರುಜು, ತಾರೀಕು. ನರಸಮ್ಮನ ಪತ್ರಿಕೆಯ ಮೇಲೆ ಮೂವತ್ತಾರು. ಹತ್ತನೇ ತರಗತಿಯೂ ವೇಳಾಪಟ್ಟಿಯಲ್ಲಿ ಮರಳಿ ಬಂದಿತ್ತು, ಹೊಲಿಗೆಯ ಆರು ಪೀರಿಯಡ್ ಮಾತ್ರ ಹಾಗೇ ಇತ್ತು. ಗೆದ್ದೆ ಎಂದುಕೊಂಡಳು ಚೌಡೇಶ್ವರಿ. ಜೂನಿನಲ್ಲಿ ಬಂದ ಆ ಮೂರು ಅಂಕದಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ ಎಂಬುದು ಆಮೇಲೆ ಹೊಳೆಯಿತು. ಆದರೂ ನರಸಮ್ಮನಿಗೆ ತೋರಿಸಬೇಕು, ಅವಳ ಅಪ್ಪನಿಗೆ ತೋರಿಸಬೇಕು ಎಂದು ಪತ್ರಿಕೆಯನ್ನು ಚೀಲದೊಳಗಿಟ್ಟುಕೊಂಡಳು.

ಎರಡನೇ ಪಾಳಿಗೆ ಬಾಶೆಟ್ಟಿಹಳ್ಳಿಗೆ ಹೋಗುವವರು ಮಧ್ಯಾಹ್ನ ಒಂದೂವರೆಗೆ ಬಸ್ ನಿಲ್ದಾಣದಲ್ಲಿ ಸೇರುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚೌಡೇಶ್ವರಿ ಅಲ್ಲಿಗೆ ಹೋದಳು. ನೀಲಿ ಕೋಟು ತೊಟ್ಟು, ಬುತ್ತಿಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡ ನರಸಮ್ಮ ಮೊದಲಿಗಿಂತ ಎತ್ತರವಾಗಿ ಕಂಡಳು.

"ನೋಡು" ಎಂದು ಚೌಡೇಶ್ವರಿ ಪತ್ರಿಕೆ ಬಿಡಿಸಿ ಹಿಡಿದಳು. "ಮೂವತ್ತಾರು. ಹೆಡ್ ಮೇಷ್ಟ್ರೇ ತಿದ್ದಿದ್ದಾರೆ, ರುಜು ಹಾಕಿದ್ದಾರೆ. ನೀನು ಬರೆದದ್ದು ಸರಿ ಇತ್ತು ಕಣೇ. ಅಪ್ಪನಿಗೆ ತೋರಿಸು. ಸೆಪ್ಟೆಂಬರ್ ಪರೀಕ್ಷೆಗೆ ಕಟ್ಟು, ನಾನು ಹೇಳಿಕೊಡ್ತೀನಿ."

ಹುಡುಗಿ ಪತ್ರಿಕೆ ತೆಗೆದುಕೊಂಡು ಹದಿನೆಂಟನೇ ಉತ್ತರವನ್ನು ತುಂಬ ಹೊತ್ತು ನೋಡಿದಳು.

"ಸರಿ ಇತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು ಮಿಸ್" ಎಂದಳು. "ಅವರು ಎಡಭಾಗ ಬಲಭಾಗ ಇಲ್ದೆ ಇದ್ರೆ ಹೊಡೀತಾರೆ ಅಂತಾನೂ ಗೊತ್ತಿತ್ತು. ನಂಗೆ ಎರಡೂ ಥರ ಬರ್ತಿತ್ತು. ನೀವೇ ಹೇಳಿದ್ರಿ, ಹಿಂಗೇ ಬರೀರಿ, ಏನ್ ಮಾಡ್ತಾರೋ ನೋಡೇಬಿಡೋಣ ಅಂತ."

ಆ ಮಾತು ಚೌಡೇಶ್ವರಿ ಆಡಿದ್ದು ನಿಜ. ಪರೀಕ್ಷೆಯ ಹಿಂದಿನ ದಿನ, ನಗುತ್ತ, ತರಗತಿಯ ನಡುವೆ ನಿಂತು ಆಡಿದ್ದಳು.

"ನೀವು ನೋಡಿದ್ರಿ" ಎಂದಳು ನರಸಮ್ಮ. "ಅವರದೂ ಹಟ, ನಿಮ್ಮದೂ ಹಟ. ನಿಮ್ಮಿಬ್ರಿಗೂ ಕೆಲಸ ಹಂಗೇ ಐತೆ."

"ನರಸಮ್ಮ..."

"ಬಸ್ ಬಂತು ಮಿಸ್." ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ತುರುಕಿಕೊಂಡು ಅವಳು ನೂಕುನುಗ್ಗಲಿನಲ್ಲಿ ಹತ್ತಿಹೋದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಆ ಸಂಜೆ ಚೌಡೇಶ್ವರಿ ಮನೆಗೆ ಬಂದು ಯಾರ ಮೇಲೂ ರೇಗಲಿಲ್ಲ. ಅದನ್ನು ಕಂಡು ಭಾಗ್ಯಮ್ಮನೇ ಹೆದರಿದಳು. "ಮೈ ಸರಿಯಿಲ್ವೇನೇ?" ಎಂದು ಹಣೆ ಮುಟ್ಟಿದಳು. ಜ್ವರ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ಅವಳು ತ್ರಿಕೋನಮಿತಿ ಪಾಠ ಮಾಡುವಾಗಲೆಲ್ಲ ಎರಡು ದಾರಿಯನ್ನೂ ಬರೆಸಿದಳು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಎಂದು ಮಕ್ಕಳು ಕೇಳಿದರೆ, "ಅಂಕ ತಪ್ಪದೆ ಬರೋದನ್ನ ಬರೀರಿ, ಸರಿ ಯಾಕೆ ಅನ್ನೋದನ್ನ ತಲೇಲಿಟ್ಕೊಳ್ಳಿ" ಎನ್ನುತ್ತಿದ್ದಳು. ಹಾಗೆನ್ನುವಾಗ ಪ್ರತಿಸಲವೂ ಲಕ್ಷ್ಮಯ್ಯನವರ ಮಾತನ್ನೇ ಆಡುತ್ತಿದ್ದೇನೆ ಎಂದು ತನ್ನ ಮೇಲೇ ರೇಗುತ್ತಿತ್ತು. ಅವರಿಬ್ಬರ ನಡುವೆ ಮಾತು ಹೆಚ್ಚಲಿಲ್ಲ. ಹಾಜರಿ ಪುಸ್ತಕದಲ್ಲಿ ಐದು ನಿಮಿಷ ತಡವಾದರೂ ಕೆಂಪು ಗೀಟು ಬೀಳುತ್ತಿತ್ತು. ಅವರು ಹೊರಡಿಸಿದ ಸುತ್ತೋಲೆಯಲ್ಲಿ ಕಾಗುಣಿತ ತಪ್ಪಿದ್ದರೆ ಅವಳು ತಿದ್ದಿ ವಾಪಸು ಕಳಿಸುತ್ತಿದ್ದಳು.

೧೯೯೩ರ ಫಲಿತಾಂಶದ ಪಟ್ಟಿ ಬಂದಾಗ, ಬೇರೊಂದು ಶಾಲೆಯ ಖಾಸಗಿ ಅಭ್ಯರ್ಥಿಗಳ ನಡುವೆ ನರಸಮ್ಮನ ಹೆಸರಿತ್ತು. ಗಣಿತಕ್ಕೆ ಐವತ್ತೊಂದು. ಯಾರಿಂದ ಹೇಳಿಸಿಕೊಂಡಳು, ಪಾಳಿಯ ನಡುವೆ ಯಾವಾಗ ಓದಿದಳು, ತಿಳಿಯಲಿಲ್ಲ. ಅಭಿನಂದಿಸಿ ಕಾಗದ ಬರೆಯಲು ಕೂತ ಚೌಡೇಶ್ವರಿ ಎರಡು ಸಲ ಹರಿದುಹಾಕಿ ಬಿಟ್ಟುಬಿಟ್ಟಳು.

ಮರುವರ್ಷ ಲಕ್ಷ್ಮಯ್ಯನವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೂ ಅವರ ಶಿಸ್ತನ್ನು ಹೊಗಳಿದರು. ಕೊನೆಗೆ ಅವರು ಮಾತಾಡಲು ಎದ್ದರು. "ಮೂವತ್ತೊಂದು ವರ್ಷ ಪಾಠ ಹೇಳಿದೆ. ನನ್ನ ನಿರೂಪಣೇಲಿ ಲೋಪ ಇದೆ ಅಂತ ತೋರಿಸಿದೋರು ಒಬ್ಬರೇ. ಪ್ರೀತಿಯಿಂದ ತೋರಿಸಲಿಲ್ಲ. ಆದ್ರೂ ಲೋಪ ಲೋಪಾನೇ" ಎಂದು ಹೇಳಿ ಕೂತರು. ಹೆಸರು ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಚೌಡೇಶ್ವರಿ ತಟ್ಟಲಿಲ್ಲ. ತಟ್ಟಬೇಕು ಅನ್ನಿಸಿತ್ತು, ಕೈ ಮೇಲೇಳಲಿಲ್ಲ.

೧೯೯೭ರಲ್ಲಿ ಅವಳು ಪ್ರಭಾರ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ಒಂದು ಬೆಳಿಗ್ಗೆ ಲಕ್ಷ್ಮಯ್ಯನವರು ಕೊಡೆ ಊರಿಕೊಂಡು ಬಂದರು. ಪಿಂಚಣಿ ಕಡತದಲ್ಲಿ ಹಳೆಯ ಸೇವಾ ಪುಸ್ತಕದ ಒಂದು ಪುಟ ದೃಢೀಕರಿಸಬೇಕಿತ್ತಂತೆ. ಅಪ್ಪಯ್ಯಣ್ಣ ಒಳಗೆ ಬಂದು ಹೇಳಿದಾಗ ಅವಳ ಮೇಜಿನ ಮೇಲೆ ತುರ್ತಿನ ಕೆಲಸ ಏನೂ ಇರಲಿಲ್ಲ. ಆದರೂ, "ಕೂತಿರಲಿ" ಎಂದಳು. ಅವರು ಹೊರಗಿನ ಬೆಂಚಿನ ಮೇಲೆ ಕೂತರು. ಕಿಟಕಿಯಿಂದ ಅವರ ನರೆತ ತಲೆಯ ಹಿಂಭಾಗ ಕಾಣುತ್ತಿತ್ತು. ಒಂದು ಪೀರಿಯಡ್ ಮುಗಿದು ಇನ್ನೊಂದರ ಗಂಟೆ ಬಾರಿಸಿತು. ಅವಳು ಹಳೆಯ ಸುತ್ತೋಲೆಗಳನ್ನು ತಿರುವಿಹಾಕುತ್ತ ಕೂತಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಒಂದು ಗಂಟೆಯ ಮೇಲೆ ಒಳಗೆ ಕರೆಸಿದಳು. ಅವರು ಕಾಗದ ಮುಂದಿಟ್ಟರು. ಅವಳು ಸೇವಾ ಪುಸ್ತಕ ತರಿಸಿ, ತಾಳೆ ನೋಡಿ, ರುಜು ಹಾಕಿ, ಮೊಹರು ಒತ್ತಿದಳು. ಐದು ನಿಮಿಷದ ಕೆಲಸ.

"ಬೇಕು ಅಂತಾನೇ ಕಾಯಿಸಿದ್ರಿ" ಎಂದರು ಲಕ್ಷ್ಮಯ್ಯನವರು. ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಹೌದು ಸಾರ್."

"ಸಮಾಧಾನ ಆಯ್ತಾ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ" ಎಂದಳು. "ಆಗುತ್ತೆ ಅಂದ್ಕೊಂಡಿದ್ದೆ."

ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಕೊಡೆ ತೆಗೆದುಕೊಂಡರು. ಬಾಗಿಲು ದಾಟಿ ಮೆಟ್ಟಿಲಿಳಿದರು. ಚೌಡೇಶ್ವರಿ ಏಳಲಿಲ್ಲ, ಗೇಟಿನವರೆಗೆ ಹೋಗಿ ಕಳಿಸಿಬರಲಿಲ್ಲ. ಅವರು ಮೈದಾನ ದಾಟುವವರೆಗೂ ಕಿಟಕಿಯ ಬಳಿ ನಿಂತಿದ್ದು, ಮುಂದಿನ ಗಂಟೆ ಹೊಡೆದ ಮೇಲೆ ಹತ್ತನೇ ತರಗತಿಗೆ ಪಾಠಕ್ಕೆ ಹೋದಳು.